ಸ್ತ್ರೀವಿದ್ಯಾಭ್ಯಾಸದ ಚರಿತ್ರೆಯೂ ಅರ್ಥವಾದವೂ

ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ ಎಂಬ ಮಾತು ಕನ್ನಡನಾಡಿನ ಶಾಲೆಗಳ ಗೋಡೆಗಳ ಮೇಲೆ ಎಲ್ಲೆಲ್ಲಿಯೂ ಕಾಣುವಂಥದು. ಬೀದರ, ಭಾಲ್ಕಿ, ಔರಾದ ಸೀಮೆಯ ಮಕ್ಕಳಿಗೂ ಅದು ಪರಿಚಿತವೇ. ಮಾತು ಒಳ್ಳೆಯದು, ಬರೆಯಿಸಿದವರ ಉದ್ದೇಶವೂ ಒಳ್ಳೆಯದು. ಆದರೂ ತುಸು ನಿಂತು ವಿಚಾರಿಸಿದರೆ ಅದರಲ್ಲಿ ಒಂದು ಸೋಜಿಗವುಂಟು. ಗಂಡುಮಗನು ಕಲಿತರೆ ಅವನು ಕಲಿತವನಾಗುತ್ತಾನೆ. ಹೆಣ್ಣುಮಗಳು ಕಲಿತರೆ ಅವಳು ಶಾಲೆಯಾಗುತ್ತಾಳೆ! ಅವಳ ವಿದ್ಯೆಯ ಫಲವು ಅವಳದಲ್ಲ, ಅವಳಿಂದ ಮುಂದೆ ಕಲಿಯಲಿರುವ ಮಕ್ಕಳದು ಎಂದು ಈ ಮಾತಿನ ಅಭಿಪ್ರಾಯ.

ಗೋಡೆಯ ಮೇಲಿನ ಮಾತಿಗೆ ಇಷ್ಟು ವಿಚಾರವೇಕೆಂದು ವಾಚಕರು ಕೇಳಬಹುದು. ಕಾರಣವಿಷ್ಟೆ: ಇದೇ ಮಾತು ಚರಿತ್ರಕಾರರ ಗ್ರಂಥಗಳೊಳಗೆ ವೇಷ ಬದಲಿಸಿಕೊಂಡು ಕುಳಿತಿದೆ. ಹೆಣ್ಣುಮಕ್ಕಳ ಶಾಲೆಗಳು ಏಕೆ ಹುಟ್ಟಿದುವು, ಹೇಗೆ ಬೆಳೆದುವು ಎಂದು ಕೇಳಿದರೆ, ದೇಶಕ್ಕೆ ಒಳ್ಳೆಯ ತಾಯಂದಿರೂ ಒಳ್ಳೆಯ ಗೃಹಿಣಿಯರೂ ಬೇಕಾಗಿದ್ದರು, ಆದುದರಿಂದ ಶಾಲೆಗಳು ಹುಟ್ಟಿದುವು ಎಂಬ ಉತ್ತರವು ದೊರೆಯುತ್ತದೆ. ಈ ಉತ್ತರವನ್ನು ಒಪ್ಪಿದರೆ ಅದರ ಬೆನ್ನಿಗೇ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ. ಎಲ್ಲಿ ಶಾಲೆಗಳು ತಡವಾಗಿ ಹುಟ್ಟಿದುವೋ ಅಲ್ಲಿಯವರಿಗೆ ಒಳ್ಳೆಯ ತಾಯಂದಿರ ಬೆಲೆ ತಿಳಿದಿರಲಿಲ್ಲ ಎಂಬ ತೀರ್ಪೇ ಅದು. ಬೀದರ ಜಿಲ್ಲೆಯ ಅಜ್ಜಿ ಮುತ್ತಜ್ಜಿಯರ ಮೇಲೆ ಈ ತೀರ್ಪು ಬಹುಕಾಲದಿಂದ ಬಿದ್ದಿದೆ. ಅದು ನ್ಯಾಯವೇ ಎಂಬುದು ಇಲ್ಲಿಯ ಪ್ರಶ್ನೆ.

ಈ ವಿವರಣೆಯು ಅತ್ಯಂತ ಸ್ಫುಟವಾಗಿ ರೂಪುಗೊಂಡುದು ಅಮೆರಿಕದ ಚರಿತ್ರೆಯಲ್ಲಿ. ಆದುದರಿಂದ ಅಲ್ಲಿಂದಲೇ ಆರಂಭಿಸುವುದು ಯುಕ್ತ. ಆ ದೇಶವು 1776ರಲ್ಲಿ ಸ್ವಾತಂತ್ರ್ಯವನ್ನು ಸಾರಿದ ಹನ್ನೊಂದು ವರ್ಷಗಳ ತರುವಾಯ, ಎಂದರೆ 1787ರಲ್ಲಿ, ಫಿಲಡೆಲ್ಫಿಯಾ ನಗರದಲ್ಲಿ ತರುಣಿಯರ ವಿದ್ಯಾಲಯವೊಂದು ನಡೆಯುತ್ತಿದ್ದಿತು. ಆ ವರ್ಷ ಬೆಂಜಮಿನ್ ರಷ್ ಎಂಬ ವೈದ್ಯನು ಅಲ್ಲಿ ಉಪನ್ಯಾಸ ಮಾಡಿ, ಪ್ರಜೆಗಳೇ ಆಳುವ ದೇಶದಲ್ಲಿ ಗಂಡುಮಕ್ಕಳಿಗೆ ಸ್ವಾತಂತ್ರ್ಯದ ತತ್ತ್ವವನ್ನು ಬಾಲ್ಯದಲ್ಲಿಯೇ ಬೋಧಿಸತಕ್ಕವಳು ತಾಯಿ, ಆದಕಾರಣ ಅವಳಿಗೆ ವಿದ್ಯೆ ಬೇಕು ಎಂದು ವಾದಿಸಿದನು. ಗಂಡನ ಆಸ್ತಿಪಾಸ್ತಿಗಳ ಲೆಕ್ಕವನ್ನು ಕಾಪಾಡುವುದಕ್ಕೂ ವಿದ್ಯೆ ಬೇಕೆಂದು ಸೇರಿಸಿದನು. ಸುಮಾರು ಇನ್ನೂರು ವರ್ಷಗಳ ಅನಂತರ ಲಿಂಡಾ ಕರ್ಬರ್ ಎಂಬ ವಿದುಷಿಯು 1976ರ ಒಂದು ಪ್ರಬಂಧದಲ್ಲಿಯೂ 1980ರ ಗ್ರಂಥದಲ್ಲಿಯೂ ಇಂಥ ವಾದಗಳನ್ನೆಲ್ಲ ಒಟ್ಟುಗೂಡಿಸಿ ಅವಕ್ಕೆ ‘ಗಣರಾಜ್ಯದ ಮಾತೆ’ ಎಂಬ ಅರ್ಥದ ಹೆಸರನ್ನಿಟ್ಟಳು. ಅಂದಿನಿಂದ ಆ ಹೆಸರು ಪಾಠಪುಸ್ತಕಗಳಿಗೆಲ್ಲ ಹರಡಿತು. ಕರ್ಬರಳಿಗೆ ಅನ್ಯಾಯವಾಗದಂತೆ ಒಂದು ಮಾತನ್ನು ಹೇಳಬೇಕು. ಈ ಆದರ್ಶವು ಸ್ತ್ರೀಯರಿಗೆ ರಾಷ್ಟ್ರದಲ್ಲಿ ಒಂದು ಸ್ಥಾನವನ್ನು ಕೊಟ್ಟಂತೆ ಕೊಟ್ಟು, ಅದೇ ಕೈಯಿಂದ ಅವರನ್ನು ಮನೆಯೊಳಗೇ ಉಳಿಸಿತು ಎಂಬುದನ್ನು ಆಕೆ ಚೆನ್ನಾಗಿ ಬಲ್ಲಳು. ಅವಳ ವಿವೇಚನೆಯನ್ನು ಬಿಟ್ಟು ಹೆಸರನ್ನು ಮಾತ್ರ ಹಿಡಿದವರು ಅನಂತರದವರು.

ಇಂಥ ವಾದಗಳನ್ನು ಅಳೆಯುವುದಕ್ಕೆ ಮೀಮಾಂಸಾಶಾಸ್ತ್ರದಲ್ಲಿ ಒಂದು ಅಳತೆಗೋಲುಂಟು. ವೇದವಾಕ್ಯಗಳಲ್ಲಿ ಕೆಲವು ‘ಇದನ್ನು ಮಾಡು’ ಎಂದು ಆಜ್ಞಾಪಿಸುವ ವಿಧಿಗಳು. ಕೆಲವು ಆ ಕರ್ಮವನ್ನೋ ದೇವತೆಯನ್ನೋ ಹೊಗಳಿ ಕೇಳುವವನ ಮನಸ್ಸನ್ನು ಒಲಿಸುವ ಅರ್ಥವಾದಗಳು. ಅರ್ಥವಾದವು ಸುಳ್ಳೆಂದು ಮೀಮಾಂಸಕರು ಹೇಳುವುದಿಲ್ಲ. ಅದಕ್ಕೆ ಸ್ವತಂತ್ರವಾದ ಪ್ರಾಮಾಣ್ಯವಿಲ್ಲ, ವಿಧಿಯೊಡನೆ ಸೇರಿಯೇ ಅದಕ್ಕೆ ಅರ್ಥ ಎನ್ನುತ್ತಾರೆ. ಲೋಕದಲ್ಲಿ ಇದಕ್ಕೆ ಹತ್ತಿರವಾದುದು ಗುಡಜಿಹ್ವಿಕಾನ್ಯಾಯ. ಬೇವಿನ ಕಷಾಯವನ್ನು ಕುಡಿಸುವ ತಾಯಿ ಮೊದಲು ಮಗುವಿನ ನಾಲಗೆಗೆ ಬೆಲ್ಲವನ್ನು ಸವರುತ್ತಾಳೆ. ಮಗು ಗುಣವಾದುದು ಕಷಾಯದಿಂದ. ಬೆಲ್ಲದಿಂದ ಎಂದು ಹೇಳುವ ವೈದ್ಯನಿಲ್ಲ.

ಶಾಲೆಯನ್ನು ತೆರೆಯುವ ದಿನದ ಭಾಷಣಗಳು ಈ ಬೆಲ್ಲದ ಜಾತಿಯವು. ಹಣ ಕೊಡಬೇಕಾದ ಶ್ರೀಮಂತರೂ ಮಗಳನ್ನು ಕಳುಹಿಸಬೇಕಾದ ತಂದೆಯೂ ಅಂಜಬಾರದೆಂದು ಅವನ್ನು ಆಡುತ್ತಾರೆ. ಆ ಭಾಷಣಗಳಿಂದ ತಿಳಿಯುವುದು ಮುಖ್ಯವಾಗಿ ಕೇಳುತ್ತಿದ್ದವರ ಅಂಜಿಕೆ. ಶಾಲೆಯು ಹುಟ್ಟಿದುದಕ್ಕೆ ಕಾರಣವಲ್ಲ. ಕಾರಣವನ್ನು ತಿಳಿಯಬೇಕಾದರೆ ವಿಧಿಭಾಗವನ್ನು ನೋಡಬೇಕು. ಕಲಿಸಿದವರು ಯಾರು? ಯಾವ ಭಾಷೆಯಲ್ಲಿ ಕಲಿಸಿದರು? ವೆಚ್ಚವನ್ನು ಯಾರು ಹೊತ್ತರು? ಎಷ್ಟನೆಯ ವಯಸ್ಸಿನವರೆಗೆ ಕಲಿತರು? ಕಲಿತವಳು ಆ ವಿದ್ಯೆಯಿಂದ ಏನು ಮಾಡಿದಳು?

ಫಿಲಡೆಲ್ಫಿಯಾದ ಅದೇ ವಿದ್ಯಾಲಯವೇ ಇದಕ್ಕೆ ಮೊದಲ ಸಾಕ್ಷಿ. ರಷ್ಷನ ಉಪನ್ಯಾಸವಾಗಿ ಆರು ವರ್ಷಗಳಾದ ಮೇಲೆ, 1793ರಲ್ಲಿ, ಅಲ್ಲಿಯ ವಿದ್ಯಾರ್ಥಿನಿ ಪ್ರಿಸಿಲ್ಲಾ ಮೇಸನ್ ಎಂಬವಳು ಸಭೆಯ ಎದುರಿಗೆ ನಿಂತು, ಧರ್ಮಪೀಠ, ನ್ಯಾಯಾಲಯ, ರಾಜ್ಯಸಭೆಗಳ ಬಾಗಿಲನ್ನು ಪುರುಷರು ಸ್ತ್ರೀಯರಿಗೆ ಮುಚ್ಚಿರುವರೆಂದು ನೇರವಾಗಿ ಆಕ್ಷೇಪಿಸಿದಳು. ಒಳ್ಳೆಯ ತಾಯಂದಿರನ್ನು ತಯಾರಿಸುತ್ತೇವೆಂದು ಹಿರಿಯರು ಹೇಳಿದರು. ಅವಳು ಕಲಿತುದು ವಾಗ್ಮಿತೆಯನ್ನು. 2005ರಲ್ಲಿ ಮಾರ್ಗರೆಟ್ ನ್ಯಾಷ್ ಎಂಬ ವಿದುಷಿಯು ಆ ಕಾಲದ ಶಾಲೆಗಳ ಬರಹಗಳನ್ನು ಪರಿಶೀಲಿಸಿ, ಮಾತೃತ್ವದ ಆದರ್ಶವು ಅಲ್ಲಿ ಭಾವಿಸಿದಷ್ಟು ಪ್ರಧಾನವಾಗಿರಲಿಲ್ಲವೆಂದೂ, ಜ್ಞಾನದ ಆನಂದ, ಆತ್ಮೋನ್ನತಿ, ಧರ್ಮಶ್ರದ್ಧೆ, ಮಧ್ಯಮವರ್ಗದ ಮರ್ಯಾದೆ ಮೊದಲಾದವು ಅಷ್ಟೇ ಬಲವಾಗಿದ್ದುವೆಂದೂ ತೋರಿಸಿದಳು. ಮರುವರ್ಷ ಮೇರಿ ಕೆಲ್ಲಿಯು ವಿದ್ಯಾವತಿಯರು ಓದುಗೂಟಗಳನ್ನೂ ಪತ್ರಿಕೆಗಳನ್ನೂ ಕಟ್ಟಿ ಲೋಕದ ಚರ್ಚೆಯೊಳಗೆ ಪ್ರವೇಶಿಸಿದ ಬಗೆಯನ್ನು ಬರೆದಳು.

ಇವೆರಡರ ಜೊತೆಗೆ ಹಣದ ಸಂಗತಿಯನ್ನೂ ಮರೆಯಲಾಗದು. ಎಮ್ಮಾ ವಿಲ್ಲರ್ಡಳು 1821ರಲ್ಲಿ ಟ್ರಾಯ್ ಪಟ್ಟಣದಲ್ಲಿಯೂ, ಮೇರಿ ಲಯನಳು 1837ರಲ್ಲಿ ಮೌಂಟ್ ಹೋಲಿಯೋಕಿನಲ್ಲಿಯೂ ಸ್ಥಾಪಿಸಿದ ವಿದ್ಯಾಲಯಗಳಿಂದ ಹೊರಬಂದ ತರುಣಿಯರಲ್ಲಿ ಬಹುಮಂದಿ ಉಪಾಧ್ಯಾಯಿನಿಯರಾದರು. ಊರಶಾಲೆಗಳವರು ಅವರನ್ನು ಬಯಸಿ ಕರೆದರು. ಏಕೆಂದರೆ ಪುರುಷ ಉಪಾಧ್ಯಾಯನಿಗಿಂತ ಬಹಳ ಕಡಿಮೆ ಸಂಬಳಕ್ಕೆ ಅವರು ದೊರೆಯುತ್ತಿದ್ದರು. ಇದು ಭಾಷಣಗಳಲ್ಲಿ ಬರುವ ಕಾರಣವಲ್ಲ, ಲೆಕ್ಕದ ಪುಸ್ತಕದಲ್ಲಿ ಬರುವ ಕಾರಣ.

ತಾರ್ಕಿಕರು ಕಾರಣವನ್ನು ನಿರ್ಣಯಿಸುವುದು ಅನ್ವಯವ್ಯತಿರೇಕಗಳಿಂದ. ಅದು ಇದ್ದಲ್ಲಿ ಕಾರ್ಯವಿದೆಯೆ, ಅದು ಇಲ್ಲದಲ್ಲಿ ಕಾರ್ಯವಿಲ್ಲವೆ ಎಂದು ನೋಡುತ್ತಾರೆ. 1833ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ಕ್ಯಾಂಟರ್ಬರಿ ಎಂಬ ಊರಿನಲ್ಲಿ ಪ್ರುಡೆನ್ಸ್ ಕ್ರ್ಯಾಂಡಲ್ ಎಂಬ ಉಪಾಧ್ಯಾಯಿನಿಯು ಕರಿಯರ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ನಡೆಸಿದಳು. ಅದನ್ನು ನಿಲ್ಲಿಸಲೆಂದೇ ಅಲ್ಲಿಯ ಶಾಸನಸಭೆಯು ಕಾನೂನು ಮಾಡಿತು, ಅವಳನ್ನು ಸೆರೆಯಲ್ಲಿಟ್ಟರು, ಮರುವರ್ಷ ಗುಂಪೊಂದು ರಾತ್ರಿಯಲ್ಲಿ ಕಿಟಕಿಗಳನ್ನು ಒಡೆದು ನುಗ್ಗಿದ ಮೇಲೆ ಶಾಲೆಯು ಮುಚ್ಚಿತು. ಆ ಹುಡುಗಿಯರೂ ಮುಂದೆ ತಾಯಂದಿರಾಗತಕ್ಕವರೇ ಅಲ್ಲವೆ? ಆದರ್ಶವು ಆ ಊರಿನ ಬಾಯಲ್ಲಿ ಇದ್ದೇ ಇತ್ತು. ಶಾಲೆಯು ಮಾತ್ರ ಉಳಿಯಲಿಲ್ಲ.

ಇನ್ನು ಕನ್ನಡನಾಡಿನ ಕಡೆಗೆ ತಿರುಗಬಹುದು. ಇಲ್ಲಿಯೂ ಚರಿತ್ರೆಯು ಸಾಮಾನ್ಯವಾಗಿ ಮೂರು ಮೆಟ್ಟಿಲುಗಳಲ್ಲಿ ಹೇಳಲ್ಪಡುತ್ತದೆ. 1840ರ ದಶಕದಲ್ಲಿ ಲಂಡನ್ ಮಿಷನ್ನಿನವರ ಹೆಂಡಂದಿರು ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆಯನ್ನು ತೆರೆದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೂ ಆ ಕಾರ್ಯವನ್ನು ಕೈಕೊಂಡರು. 1881ರಲ್ಲಿ, ಮೈಸೂರು ಸಂಸ್ಥಾನವು ಒಡೆಯರ ಕೈಗೆ ಮರಳಿದ ವರ್ಷ, ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದಲೂ ಅರಮನೆಯ ಆಶ್ರಯದಿಂದಲೂ ಮಹಾರಾಣಿಯವರ ಬಾಲಿಕಾಪಾಠಶಾಲೆಯು ಆರಂಭವಾಯಿತು. ಆಮೇಲೆ ರಾಷ್ಟ್ರಾಭಿಮಾನಿಗಳು ಬಂದು, ಹೊರಗಿನ ಲೋಕದಲ್ಲಿ ಪಾಶ್ಚಾತ್ಯರ ಕೈ ಮೇಲಾಗಿದ್ದರೂ ಮನೆಯೊಳಗಿನ ಸಂಸ್ಕೃತಿಯು ಸ್ತ್ರೀಯರ ಕೈಯಲ್ಲಿ ಉಳಿಯಬೇಕು, ಅದಕ್ಕೆ ತಕ್ಕ ವಿದ್ಯೆಯನ್ನು ಕೊಡಬೇಕು ಎಂದರು. ಈ ಕೊನೆಯ ಮೆಟ್ಟಿಲನ್ನು ಪಾರ್ಥ ಚಟರ್ಜಿಯವರು 1993ರ ತಮ್ಮ ಗ್ರಂಥದಲ್ಲಿ ವಿಶದಪಡಿಸಿರುವರು. ಅವರ ವಿಚಾರವು ಸೂಕ್ಷ್ಮವಾದುದು; ಆದರೆ ಅವರ ಆಧಾರಗಳು ಬಹುಮಟ್ಟಿಗೆ ವಂಗದೇಶದ ಭದ್ರಲೋಕದವು. ಅಲ್ಲಿ ಹೊಲಿದ ಅಂಗಿಯು ಇಲ್ಲಿಯ ಮೈಗೆ ಸರಿಹೋಗುವುದೆ ಎಂದು ಪರೀಕ್ಷಿಸದೆ ತೊಡಿಸಲಾಗದು.

ಸುಗೃಹಿಣಿಯ ಆದರ್ಶವೇ ಶಾಲೆಗೆ ಕಾರಣವಾಗಿದ್ದರೆ, ಆ ಆದರ್ಶವಿದ್ದಾಗಲೆಲ್ಲ ಶಾಲೆಗಳು ಹುಟ್ಟಬೇಕಾಗಿದ್ದಿತು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುತ್ತಿದ್ದ ಹೊನ್ನಮ್ಮನು ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ರಚಿಸಿದಳು. ಪತಿವ್ರತೆಯ ಧರ್ಮವನ್ನು ಅಷ್ಟು ಸಾಂಗವಾಗಿ ಹೇಳಿದ ಕನ್ನಡ ಗ್ರಂಥಗಳು ವಿರಳ. ಆ ಗ್ರಂಥವೂ ಆ ಆದರ್ಶವೂ ನಾಡಿನಲ್ಲಿದ್ದು, ಇನ್ನೂರು ವರ್ಷಗಳವರೆಗೆ ಮೈಸೂರಿನಲ್ಲಿ ಮಹಾರಾಣಿಯವರ ಪಾಠಶಾಲೆಯಂಥ ಸಂಸ್ಥೆ ಹುಟ್ಟಲಿಲ್ಲ. ಇದು ಅನ್ವಯಭಂಗ. ಇನ್ನೊಂದು ಸ್ವಾರಸ್ಯವನ್ನೂ ಗಮನಿಸಬೇಕು. ಗೃಹಿಣೀಧರ್ಮವನ್ನು ಬರೆದ ಹೊನ್ನಮ್ಮನು ಸ್ವತಃ ವಿದ್ಯೆಯನ್ನು ಪಡೆದುದು ಗೃಹಿಣಿಯಾಗಿ ಅಲ್ಲ, ಅರಮನೆಯ ಊಳಿಗದವಳಾಗಿ. ಅಲ್ಲಿ ಅವಳಿಗೆ ಕಲಿಸಬಲ್ಲ ಪಂಡಿತನೂ ಬರೆಯೆಂದು ಹೇಳಬಲ್ಲ ರಾಣಿಯೂ ಇದ್ದರು. ಆ ಗ್ರಂಥದೊಳಗೇ ಹೆಣ್ಣೆಂದು ಹಳಿಯುವವರನ್ನು ಅವಳು ಎತ್ತಿ ಕೇಳಿರುವಳೆಂಬುದನ್ನು ಓದಿದವರು ಬಲ್ಲರು. ಪುಸ್ತಕದ ವಿಷಯವು ಒಂದು, ಪುಸ್ತಕವನ್ನು ಬರೆಯಲು ಬಂದ ಶಕ್ತಿಯ ಮೂಲವು ಇನ್ನೊಂದು.

ವ್ಯತಿರೇಕವನ್ನು ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಬೀದರ ಜಿಲ್ಲೆಯ ಬಸವಕಲ್ಯಾಣವೇ ಸಾಕು. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಯ ಶರಣರ ಬಳಗದಲ್ಲಿ ವಚನಗಳನ್ನು ಹೇಳಿದ ಸ್ತ್ರೀಯರು ಮೂವತ್ತಕ್ಕೂ ಮಿಕ್ಕು. ಅಕ್ಕಮಹಾದೇವಿಯು ಸಂಸಾರವನ್ನೇ ತೊರೆದು ಬಂದವಳು. ಲಕ್ಕಮ್ಮನು ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕಿದ ಗಂಡಹೆಂಡಿರಲ್ಲಿ ಒಬ್ಬಳು. ರೆಮ್ಮವ್ವೆಯ ಕೈಯಲ್ಲಿದ್ದುದು ಕದಿರು. ಸಂಕವ್ವೆಯ ಹೆಸರಿಗೆ ಮೊದಲು ಸೂಳೆ ಎಂಬ ಪದವೇ ಅಂಟಿಕೊಂಡಿದೆ. ಇವರಲ್ಲಿ ಯಾರನ್ನೂ ಒಳ್ಳೆಯ ತಾಯಿಯಾಗಲೆಂದು ಯಾರೂ ಶಾಲೆಗೆ ಕಳುಹಿಸಲಿಲ್ಲ. ಮಾತನಾಡಬಹುದಾದ ಒಂದು ಸಭೆಯಿತ್ತು, ಕೇಳುವ ಜನರಿದ್ದರು, ನುಡಿಯು ತಾಯ್ನುಡಿಯಾಗಿತ್ತು. ವಿದ್ಯೆಗೆ ಅಷ್ಟು ಸಾಕಾಯಿತು. ವಿಜಯಪುರದಲ್ಲಿ 2003ರಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಇಟ್ಟ ಹೆಸರು ಅಕ್ಕಮಹಾದೇವಿಯದು. ಗಂಡನ ಮನೆಯನ್ನು ತೊರೆದವಳ ಹೆಸರನ್ನು ವಿದ್ಯಾಲಯಕ್ಕೆ ಇಟ್ಟು, ವಿದ್ಯೆಯ ಕಾರಣವು ಗೃಹಿಣೀಧರ್ಮವೆಂದು ಬರೆಯುವುದು ಹೇಗೆ ಹೊಂದೀತು?

ಅಮೆರಿಕದ ಚರಿತ್ರೆಯನ್ನೂ ಕನ್ನಡನಾಡಿನ ಚರಿತ್ರೆಯನ್ನೂ ಒಂದೇ ಜೀವಿತದಲ್ಲಿ ಕೂಡಿಸಿದವರು ಪಂಡಿತಾ ರಮಾಬಾಯಿಯವರು. ಇವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಎಂಬ ಊರಿನವರು. ತಮ್ಮ ಹೆಂಡತಿಗೆ ಸಂಸ್ಕೃತವನ್ನು ಕಲಿಸಿದುದಕ್ಕಾಗಿ ಸ್ವಜನರ ವಿರೋಧವನ್ನು ಎದುರಿಸಿ, ಘಟ್ಟದ ಗಂಗಾಮೂಲದ ಅರಣ್ಯಕ್ಕೆ ಹೋಗಿ ನೆಲಸಿದರು. ಅಲ್ಲಿ 1858ರಲ್ಲಿ ರಮಾಬಾಯಿಯವರು ಹುಟ್ಟಿದರು. ಸಂಸ್ಕೃತವನ್ನು ತಾಯಿಯಿಂದಲೇ ಕಲಿತರು. ಈ ವಿದ್ಯೆಗೆ ಮಿಷನ್ನು ಕಾರಣವಲ್ಲ, ಅರಮನೆಯು ಕಾರಣವಲ್ಲ, ರಾಷ್ಟ್ರಾಭಿಮಾನವೂ ಕಾರಣವಲ್ಲ. ಒಬ್ಬ ಶಾಸ್ತ್ರಿಯ ಹಟ, ಒಬ್ಬ ತಾಯಿಯ ಬಾಯಿಪಾಠ ಇಷ್ಟೇ. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಇವರನ್ನು ಪಂಡಿತೆಯೆಂದೂ ಸರಸ್ವತಿಯೆಂದೂ ಗೌರವಿಸಿದರು.

1882ರಲ್ಲಿ ಹಂಟರ್ ಆಯೋಗವು ವಿದ್ಯಾಭ್ಯಾಸದ ವಿಷಯವಾಗಿ ಪುಣೆಯಲ್ಲಿ ಸಾಕ್ಷ್ಯವನ್ನು ತೆಗೆದುಕೊಂಡಾಗ ರಮಾಬಾಯಿಯವರೂ ಸಾಕ್ಷ್ಯವಿತ್ತರು. ಅಲ್ಲಿ ಅವರು ಒತ್ತಿ ಕೇಳಿದುದು ಉಪಾಧ್ಯಾಯಿನಿಯರನ್ನು, ಶಾಲೆಗಳನ್ನು ಪರೀಕ್ಷಿಸಲು ಸ್ತ್ರೀಯರನ್ನು, ಸ್ತ್ರೀವೈದ್ಯರನ್ನು. ಬೆಲ್ಲದ ವಿಷಯವನ್ನು ಬಿಟ್ಟು ಕಷಾಯದ ವಿಷಯವನ್ನೇ ಎತ್ತಿದವರು ಅವರು. 1886ರಲ್ಲಿ ಅಮೆರಿಕಕ್ಕೆ ಹೋಗಿ, ಮರುವರ್ಷ ಉಚ್ಚಜಾತಿಯ ಹಿಂದೂ ಸ್ತ್ರೀಯ ಅವಸ್ಥೆಯನ್ನು ಕುರಿತ ತಮ್ಮ ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಆ ಗ್ರಂಥವು ಅಚ್ಚಾದುದು ಫಿಲಡೆಲ್ಫಿಯಾದಲ್ಲಿ, ಇಸವಿ 1887. ರಷ್ಷನು ತಾಯಂದಿರ ವಿಷಯವಾಗಿ ಉಪನ್ಯಾಸ ಮಾಡಿದ ಅದೇ ನಗರದಲ್ಲಿ, ಸರಿಯಾಗಿ ನೂರು ವರ್ಷಗಳಿಗೆ, ಗಂಗಾಮೂಲದ ಕಾಡಿನಲ್ಲಿ ತಾಯಿಯಿಂದ ಕಲಿತವರೊಬ್ಬರು ಎಳೆಯ ವಿಧವೆಯರಿಗಾಗಿ ಶಾಲೆ ಬೇಕೆಂದು ಬರೆದರು. ಆ ಎಳೆಯ ವಿಧವೆಯರು ತಾಯಂದಿರಾಗುವಂತೆಯೇ ಇರಲಿಲ್ಲ. ಅವರಿಗೆ ವಿದ್ಯೆ ಬೇಕಾಗಿದ್ದುದು ಅನ್ನಕ್ಕಾಗಿ, ಮಾನಕ್ಕಾಗಿ. 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾಸದನವು ಆ ಗ್ರಂಥದ ಫಲ.

ಕನ್ನಡದ ಮೊದಲ ತಲೆಮಾರಿನ ಲೇಖಕಿಯರ ವೃತ್ತಾಂತವೂ ಇದನ್ನೇ ಹೇಳುತ್ತದೆ. ನಂಜನಗೂಡು ತಿರುಮಲಾಂಬಾ ಅವರು 1887ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿಯೇ ವಿವಾಹವೂ ವೈಧವ್ಯವೂ ಬಂದುವು. ತಂದೆಯವರ ಆಶ್ರಯದಲ್ಲಿ ಮನೆಯಲ್ಲಿಯೇ ಓದಿ ಬೆಳೆದು, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನೂ 1916ರಲ್ಲಿ ‘ಕರ್ನಾಟಕನಂದಿನಿ’ ಎಂಬ ಮಾಸಪತ್ರಿಕೆಯನ್ನೂ ಆರಂಭಿಸಿದರು. ಬಾಲವಿಧವೆಯೇ ಆದ ಆರ್. ಕಲ್ಯಾಣಮ್ಮನವರು ‘ಸರಸ್ವತಿ’ ಪತ್ರಿಕೆಯನ್ನು ನಡೆಸಿ, 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಗ್ರಂಥಮಾಲೆಯ ಹೆಸರಿನಲ್ಲಿ ಸತೀಹಿತವಿದೆ, ಕಥೆಗಳಲ್ಲಿ ಗೃಹಿಣೀಧರ್ಮದ ಹೊಗಳಿಕೆಯಿದೆ; ಅದು ಅರ್ಥವಾದ. ಪತ್ರಿಕೆಯನ್ನು ಅಚ್ಚುಹಾಕಿಸಿ, ಚಂದಾ ವಸೂಲುಮಾಡಿ, ಇತರ ಸ್ತ್ರೀಯರಿಂದ ಬರೆಯಿಸಿದುದು ವಿಧಿ. ಅರ್ಥವಾದವನ್ನಷ್ಟೇ ಓದಿದ ವಿಮರ್ಶಕರು ಇವರನ್ನು ಹಳೆಯ ಕಾಲದವರೆಂದು ಬದಿಗಿಟ್ಟರು. 1982ರವರೆಗೆ ಬದುಕಿದ್ದ ತಿರುಮಲಾಂಬಾ ಅವರನ್ನು ನಾಡು ಬಹುಕಾಲ ಮರೆತೇಬಿಟ್ಟಿದ್ದಿತು, ಚಿ. ನ. ಮಂಗಳಾ, ವಿಜಯಾ ದಬ್ಬೆ ಮೊದಲಾದ ವಿದುಷಿಯರು ಅವರನ್ನು ಮತ್ತೆ ಬೆಳಕಿಗೆ ತಂದರು. ಕಾರಣವನ್ನು ತಪ್ಪಾಗಿ ಗುರುತಿಸಿದರೆ ವ್ಯಕ್ತಿಗಳೇ ಕಾಣದಾಗುತ್ತಾರೆ ಎಂಬುದಕ್ಕೆ ಇದಕ್ಕಿಂತ ದೃಷ್ಟಾಂತವು ಬೇಡ.

ಇಷ್ಟಾದ ಮೇಲೆ ಬೀದರದ ಪ್ರಶ್ನೆ. ಬೀದರದ ವಿದ್ಯಾಚರಿತ್ರೆಯನ್ನು ಬರೆಯುವವರೆಲ್ಲ ಮಹಮೂದ್ ಗಾವಾನನು 1472ರಲ್ಲಿ ಕಟ್ಟಿಸಿದ ಮದರಸೆಯಿಂದ ಆರಂಭಿಸುತ್ತಾರೆ. ಪಟ್ಟಣದಿಂದ ಪೂರ್ವಕ್ಕೆ ಅಷ್ಟೂರಕ್ಕೆ ಹೋದರೆ ಬಹಮನೀ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಅಹಮದ್ ಶಾಹ ವಲಿಯ ಗುಮ್ಮಟದ ಒಳಮೈಯೆಲ್ಲ ಚಿತ್ರವೂ ಅಕ್ಷರವೂ. ವಿದ್ಯೆಯನ್ನು ಮನ್ನಿಸಿದ ಸೀಮೆ ಇದು ಎಂಬುದಕ್ಕೆ ಆ ಗೋಡೆಗಳೇ ಸಾಕ್ಷಿ. ಗಾವಾನನು ಮದರಸೆಯನ್ನು ಕಟ್ಟಿಸುವುದಕ್ಕೆ ಹತ್ತು ವರ್ಷ ಮುಂಚೆ, ಬಾಲಸುಲ್ತಾನನ ಪರವಾಗಿ ರಾಜ್ಯವನ್ನು ನೋಡಿಕೊಂಡ ಮಂಡಲಿಯಲ್ಲಿ ಅವನೊಡನೆ ಇದ್ದವಳು ರಾಜಮಾತೆ, ಮಖ್ದೂಮಾ ಜಹಾನ್ ಎಂದು ಪ್ರಸಿದ್ಧಳಾದವಳು. ರಾಜ್ಯವನ್ನು ನಡೆಸುವಷ್ಟು ತಿಳಿವಳಿಕೆಯು ಸ್ತ್ರೀಯರಲ್ಲಿ ಇತ್ತು. ಆದರೆ ಅದು ಬೆಳೆದುದು ಮನೆಯೊಳಗೆ. ಮನೆಯೊಳಗಿನ ಓದಿಗೆ ಯಾರೂ ಮಿನಾರವನ್ನು ಕಟ್ಟಿಸಲಿಲ್ಲ.

ಈಗಿನ ಕಾಲದ ಸಂಖ್ಯೆಗಳು ಹೀಗಿವೆ. 2011ರ ಜನಗಣತಿಯಂತೆ ಬೀದರ ಜಿಲ್ಲೆಯಲ್ಲಿ ಅಕ್ಷರಸ್ಥ ಪುರುಷರು ಶೇಕಡ 79ರಷ್ಟು, ಸ್ತ್ರೀಯರು ಶೇಕಡ 61ಕ್ಕೆ ತುಸು ಮೇಲೆ. ಕರ್ನಾಟಕದ ಸ್ತ್ರೀಯರ ಸರಾಸರಿಯು ಶೇಕಡ 68. ಈ ಅಂತರವನ್ನು ಕಂಡವರು ‘ಅಲ್ಲಿಯ ಜನಕ್ಕೆ ಹೆಣ್ಣುಮಕ್ಕಳ ಓದಿನಲ್ಲಿ ಆಸ್ಥೆಯಿರಲಿಲ್ಲ’ ಎಂದು ಮುಗಿಸಿಬಿಡುತ್ತಾರೆ. ವಿಧಿಭಾಗವನ್ನು ಪರೀಕ್ಷಿಸಿದರೆ ಬೇರೆ ಸಂಗತಿಗಳು ಕಾಣುತ್ತವೆ.

ಮೊದಲನೆಯದು ಭಾಷೆ. ಬೀದರವು 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯು ಉರ್ದುವಿನಲ್ಲಿ. ಕಚೇರಿಯ ವ್ಯವಹಾರವೂ ಅದರಲ್ಲಿಯೇ. ದೇಶಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕೊಟ್ಟ ಆ ಸಾಹಸವು ಸ್ತುತ್ಯವಾದುದೇ. ಆದರೆ ಕನ್ನಡ ಮನೆಯ ಹುಡುಗನು ಉರ್ದು ಕಲಿತರೆ ಅವನಿಗೆ ಕಚೇರಿಯ ಕೆಲಸವು ದೊರೆಯಬಹುದಾಗಿತ್ತು. ಹುಡುಗಿಗೆ ಆ ಫಲವಿರಲಿಲ್ಲ. ಫಲ ಕಾಣದ ಕೆಲಸಕ್ಕೆ ಯಾರೂ ಕೈಹಾಕರೆಂಬುದು ಲೋಕದ ಅನುಭವ. ಅವಳಿಗೆ ಬೇಕಾದ ಓದು ಎಂದರೆ ವಚನ, ಪುರಾಣ, ಕಾಗದಪತ್ರ. ಅದು ಕನ್ನಡದಲ್ಲಿತ್ತು, ಶಾಲೆಯು ಕನ್ನಡದಲ್ಲಿರಲಿಲ್ಲ. ಸಂಸ್ಥಾನದಲ್ಲಿ ಹೆಣ್ಣುಮಕ್ಕಳ ವಿದ್ಯೆಗೆ ಸರ್ಕಾರವು ಏನೂ ಮಾಡಲಿಲ್ಲವೆಂದಲ್ಲ. 1890ರಲ್ಲಿ ನಾಂಪಲ್ಲಿಯ ಶಾಲೆ, 1907ರಲ್ಲಿ ಮಹಬೂಬಿಯಾ ಶಾಲೆ ಆದುವು. ಆದರೆ ಅವೆರಡೂ ಹೈದರಾಬಾದ್ ನಗರದಲ್ಲಿ. ಔರಾದದ ಹಳ್ಳಿಯ ಹುಡುಗಿಗೆ ಅವು ಕಾಶಿಯಷ್ಟೇ ದೂರ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಕಮಲನಗರದಲ್ಲಿ 1930ರ ದಶಕದಲ್ಲಿ ಶಾಲೆಯನ್ನು ನಡೆಸಿದಾಗ, ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಜಿಲ್ಲೆಯ ಮನೆಮನೆಗಳವರು ಬಲ್ಲರು. ಕಲಿಯುವ ಆಸೆಯೇ ಇಲ್ಲದ ಸೀಮೆಯಲ್ಲಿ ಅಂಥ ಉಪಾಯವು ಬೇಕಾಗುತ್ತಿರಲಿಲ್ಲ. ಕಲಬುರಗಿಯಲ್ಲಿ ಶರಣಬಸವೇಶ್ವರ ಸಂಸ್ಥಾನದ ದೊಡ್ಡಪ್ಪ ಅಪ್ಪನವರು 1934ರಲ್ಲಿ ಮಹಾದೇವಿ ಕನ್ಯಾಪಾಠಶಾಲೆಯನ್ನು ತೆರೆದಾಗ, ಈ ಸೀಮೆಯ ಹೆಣ್ಣುಮಕ್ಕಳಿಗೆ ತಮ್ಮ ನುಡಿಯವರೇ ನಡೆಸುವ ಶಾಲೆಯೊಂದು ದೊರೆತಂತಾಯಿತು.

ಎರಡನೆಯದು ವಯಸ್ಸು. ಮೈಸೂರಿನಲ್ಲಿ 1894ರ ಕಾನೂನು ಎಂಟು ವರ್ಷದೊಳಗಿನ ಹುಡುಗಿಯರ ವಿವಾಹವನ್ನು ನಿಷೇಧಿಸಿತು. ಬ್ರಿಟಿಷ್ ಸೀಮೆಗಳಿಗೆ 1929ರ ಶಾರದಾ ಕಾನೂನು ಹದಿನಾಲ್ಕನ್ನು ಗೊತ್ತುಮಾಡಿತು. ಅದು ನಿಜಾಮ ಸಂಸ್ಥಾನಕ್ಕೆ ಅನ್ವಯಿಸುತ್ತಿರಲಿಲ್ಲ. ಕಾನೂನುಗಳು ಪೂರ್ಣವಾಗಿ ನಡೆದುವೆಂದಲ್ಲ. ಆದರೂ ವಿವಾಹವು ಒಂದು ವರ್ಷ ಮುಂದಕ್ಕೆ ಹೋದರೆ ಶಾಲೆಗೆ ಒಂದು ವರ್ಷ ಸಿಕ್ಕಂತೆ.

ಮೂರನೆಯದು ಎಣಿಕೆ. 1911ರಿಂದ ಜನಗಣತಿಯವರು ಕಾಗದವನ್ನು ಬರೆದು ಉತ್ತರವನ್ನು ಓದಬಲ್ಲವರನ್ನು ಮಾತ್ರ ಅಕ್ಷರಸ್ಥರೆಂದು ಬರೆದುಕೊಂಡರು. ಓದಬಲ್ಲವಳು ಬರೆಯಲಾರದಿದ್ದರೆ ನಿರಕ್ಷರಿ. ಅಮೆರಿಕದಲ್ಲಿಯೂ ಇದೇ ದೋಷವು ನಡೆದಿದ್ದಿತು. ಕೆನೆತ್ ಲಾಕ್ರಿಜ್ ಎಂಬವನು 1974ರಲ್ಲಿ ಮರಣಶಾಸನಗಳ ರುಜುಗಳನ್ನೆಣಿಸಿ ಹಳೆಯ ಕಾಲದ ಸ್ತ್ರೀಯರ ಅಕ್ಷರಜ್ಞಾನವನ್ನು ಅಳೆದನು. ಆ ಕಾಲದಲ್ಲಿ ಓದನ್ನು ಮೊದಲು, ಬರಹವನ್ನು ಬೇರೆಯಾಗಿ ಕಲಿಸುತ್ತಿದ್ದರೆಂದೂ, ಹೆಣ್ಣುಮಕ್ಕಳಿಗೆ ಅನೇಕ ವೇಳೆ ಓದು ಮಾತ್ರವೇ ದೊರೆಯುತ್ತಿದ್ದಿತೆಂದೂ ಜೆನಿಫರ್ ಮೊನಾಘನ್ ಎಂಬ ವಿದುಷಿಯು ಆಮೇಲೆ ತಿಳಿಸಿದಳು. ಮುಸಲ್ಮಾನರ ಮನೆಗಳಲ್ಲಿ ಉಸ್ತಾನಿಯಿಂದ ಕುರಾನಿನ ಓದನ್ನು ಮಾತ್ರ ಕಲಿತ ಹುಡುಗಿಯರು, ಲಿಂಗವಂತರ ಮನೆಗಳಲ್ಲಿ ಪುರಾಣವನ್ನು ಓದಬಲ್ಲವರಾಗಿಯೂ ಲೇಖನಿ ಹಿಡಿಯದ ಹೆಂಗಸರು, ನೂರಾರು ಹಾಡುಗಳನ್ನು ಬಾಯಲ್ಲಿಟ್ಟುಕೊಂಡ ಬೀಸುಕಲ್ಲಿನ ಮುಂದಿನ ಅಜ್ಜಿಯರು, ಇವರೆಲ್ಲರೂ ಆ ಪಟ್ಟಿಯಲ್ಲಿ ಒಂದೇ ಕಡೆ ಬಿದ್ದರು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ತಾಯ್ತನದ ವಾದವಿಲ್ಲದಿದ್ದರೆ ಎಷ್ಟೋ ತಂದೆಗಳು ಮಗಳನ್ನು ಹೊಸಲು ದಾಟಿಸುತ್ತಲೇ ಇರಲಿಲ್ಲ. ಬೆಲ್ಲವಿಲ್ಲದೆ ಮಗು ಬಾಯಿಯನ್ನೇ ತೆರೆಯುತ್ತಿರಲಿಲ್ಲವಷ್ಟೆ ಎಂದು. ಮಾತು ನಿಜ. ವಾದವು ಉಪಕಾರ ಮಾಡಿತೆಂಬುದನ್ನು ಒಪ್ಪಬೇಕು. ಆದರೆ ಅದರ ಜೊತೆಗೆ ಅದು ವಸೂಲುಮಾಡಿದ ಬಡ್ಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಾಯಿಯಾಗುವುದಕ್ಕೆ ಎಷ್ಟು ಬೇಕೋ ಅಷ್ಟೇ ಕಲಿಸಿದರೆ ಸಾಕೆಂದು ಪಾಠಕ್ರಮದಲ್ಲಿ ಹೊಲಿಗೆಯೂ ಅಡಿಗೆಯೂ ಬಂದು ಗಣಿತವು ಹಿಂದೆ ಸರಿದುದು ಆ ಬಡ್ಡಿ. ನಾಲ್ಕನೆಯ ಇಯತ್ತೆಯಾದರೆ ಸಾಕಲ್ಲವೆ ಎಂದು ತಂದೆಯು ಕೇಳಿದುದು ಆ ಬಡ್ಡಿ. ಯಾವ ಕಾರಣವನ್ನು ಹೇಳಿ ಬಾಗಿಲನ್ನು ತೆರೆಯಿಸುವರೋ ಅದೇ ಕಾರಣವು ಮುಂದೆ ಬಾಗಿಲಿನ ಅಳತೆಯಾಗುತ್ತದೆ.

ಇತ್ತೀಚಿನ ಕಾಲವೂ ಇದಕ್ಕೆ ಸಾಕ್ಷಿ. 2002ರಲ್ಲಿ ಅಕ್ಷರದಾಸೋಹದ ಮಧ್ಯಾಹ್ನದ ಊಟವು ರಾಜ್ಯದಲ್ಲಿ ಮೊದಲು ಆರಂಭವಾದುದು ಬೀದರವೂ ಸೇರಿದ ಉತ್ತರದ ಏಳು ಜಿಲ್ಲೆಗಳಲ್ಲಿ. 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಡಲಾರಂಭಿಸಿದರು. ಹೈಸ್ಕೂಲು ಎರಡು ಹರದಾರಿ ದೂರದಲ್ಲಿರುವ ಹಳ್ಳಿಯ ಹುಡುಗಿಗೆ ಆ ಸೈಕಲ್ಲು ಮಾಡಿದ ಕೆಲಸವನ್ನು ಗೋಡೆಯ ಮೇಲಿನ ಯಾವ ಸುಭಾಷಿತವೂ ಮಾಡಲಾರದು. ಮುಂದೊಂದು ದಿನ ಈ ಕಾಲದ ಚರಿತ್ರೆಯನ್ನು ಬರೆಯುವವರು ಗೋಡೆಯನ್ನು ಮಾತ್ರ ಓದಿಕೊಂಡು, ಸೈಕಲ್ಲನ್ನೂ ಊಟದ ತಟ್ಟೆಯನ್ನೂ ಉಪಾಧ್ಯಾಯಿನಿಯನ್ನೂ ಮರೆತರೆ, ಹಿಂದಿನವರು ಮಾಡಿದ ತಪ್ಪನ್ನೇ ಮತ್ತೊಮ್ಮೆ ಮಾಡಿದಂತಾಗುವುದು.

ಆದುದರಿಂದ ಈ ಜಿಲ್ಲೆಯ ಸ್ತ್ರೀವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯಹೊರಡುವ ತರುಣರು ಸಮಾರಂಭದ ಭಾಷಣಗಳನ್ನು ಬದಿಗಿಟ್ಟು, ಶಾಲೆಗಳ ಹಾಜರಿಪುಸ್ತಕಗಳನ್ನು ನೋಡಲಿ. ಯಾವ ತರಗತಿಯಲ್ಲಿ ಯಾವ ತಿಂಗಳಲ್ಲಿ ಹೆಣ್ಣುಮಕ್ಕಳ ಹೆಸರುಗಳು ನಿಂತುಹೋಗುತ್ತವೆ ಎಂಬುದನ್ನು ಬರೆದುಕೊಳ್ಳಲಿ. ಮಠಗಳ ದಾಸೋಹದ ಲೆಕ್ಕವನ್ನೂ ಮಿಷನ್ನಿನವರ ದಾಖಲೆಗಳನ್ನೂ ಮನೆಗಳಲ್ಲಿ ಓದಿಸಿದ ಉಸ್ತಾನಿಯರ ನೆನಪುಗಳನ್ನೂ ಒಟ್ಟಿಗೆ ಇಟ್ಟು ಓದಲಿ. ಎಲ್ಲಕ್ಕಿಂತ ಮೊದಲು ತಮ್ಮ ಮನೆಯ ಹಿರಿಯ ಹೆಂಗಸರನ್ನು ‘ಅಜ್ಜಿ, ನಿನಗೆ ಓದುವ ಆಸೆಯಿತ್ತೆ?’ ಎಂದು ಒಮ್ಮೆ ಕೇಳಲಿ. ಆ ಉತ್ತರವನ್ನು ಕೇಳಿದ ಮೇಲೆ ಹಳೆಯ ತೀರ್ಪನ್ನು ಮತ್ತೆ ಬರೆಯಲು ಲೇಖನಿಯು ಏಳಲಾರದು.